30 ಡಾಲರ್ ಒಳಗೆ ಬರ್ಬನ್: ಯಾವುದು ದುಡ್ಡಿಗೆ ತಕ್ಕದ್ದು?

ಕೊಲಂಬಸ್‌ನಿಂದ, ಒಹಾಯೊ:
ನಮ್ಮ ಭಾವ ಮೈಸೂರಿನಿಂದ ಬರುತ್ತಿದ್ದಾರೆ. ಅವರಿಗೆ ಒಂದು ಒಳ್ಳೆಯ ಬರ್ಬನ್ (ಅಮೆರಿಕದ ವಿಸ್ಕಿ) ಕೊಡಿಸಬೇಕು ಅಂತ ಆಸೆ. 30 ಡಾಲರ್ ಒಳಗೆ ವೈಲ್ಡ್ ಟರ್ಕಿ 101, ಬಫಲೋ ಟ್ರೇಸ್, ಇವಾನ್ ವಿಲಿಯಮ್ಸ್ ಬಿಳಿ ಲೇಬಲ್ ಕಂಡವು. ಬೆಲೆ ಕಡಿಮೆ ಅಂದರೆ ಮಾಲು ಸಾಧಾರಣ ಅಂತಲೇ? ಹೇಗೆ ತಿಳಿಯುವುದು?

ಲೂಯಿವಿಲ್ ಗೌಡ:
ಖಂಡಿತ ಅಲ್ಲ. ಬರ್ಬನ್ ಅಂತ ಬರೆಯಲು ಕನಿಷ್ಠ 51% ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಅಗ್ಗದ ಬಾಟಲಿಗೂ ಇದೇ ಕಾನೂನು. ಆದ್ದರಿಂದ ಬಾಟಲಿಯ ಅಂದ ಬಿಡಿ, ಲೇಬಲ್ ಓದಿ.

ನನ್ನ ಆಯ್ಕೆ ಇವಾನ್ ವಿಲಿಯಮ್ಸ್ ಬಿಳಿ ಲೇಬಲ್. ಮೂರರಲ್ಲಿ ಸಾಮಾನ್ಯವಾಗಿ ಅದೇ ಅಗ್ಗ. ಅದರ ಮೇಲೆ 'ಬಾಟಲ್ಡ್ ಇನ್ ಬಾಂಡ್' ಅಂತ ಇರುತ್ತದೆ. 1897ರ ಕಾನೂನು ಅದು. ಆ ಕಾಲದಲ್ಲಿ ವ್ಯಾಪಾರಿಗಳು ಕಚ್ಚಾ ಸಾರಾಯಿಗೆ ಏನೇನೋ ಬೆರೆಸಿ ವಿಸ್ಕಿ ಅಂತ ಮಾರುತ್ತಿದ್ದರು. ಅದಕ್ಕೇ ಈ ನಿಯಮ ಬಂತು: ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಕನಿಷ್ಠ 4 ವರ್ಷ, ಸರಿಯಾಗಿ 50% ಆಲ್ಕೋಹಾಲ್. ಇಷ್ಟು ಖಾತ್ರಿ ಎಷ್ಟೋ ದುಬಾರಿ ಬಾಟಲಿಗಳಲ್ಲೂ ಇಲ್ಲ.

ಲೆಕ್ಕ ಹಾಕಿ ನೋಡಿ. 50% ಇರುವ 750 ಎಂಎಲ್‌ಗೆ ನೀರು ಸೇರಿಸಿ 40%ಗೆ ಇಳಿಸಿದರೆ ಸುಮಾರು 940 ಎಂಎಲ್ ಆಗುತ್ತದೆ. 40% ಬಾಟಲಿ ಕೊಂಡರೆ ಆ ನೀರಿಗೂ ನೀವೇ ದುಡ್ಡು ಕೊಟ್ಟ ಹಾಗಾಯ್ತು ಅಲ್ವಾ?

ರುಚಿ ನೋಡುವಾಗ ಅವಸರ ಬೇಡ. ಬಾಯಿ ಕಿರಿದಾದ ಲೋಟಕ್ಕೆ ಸ್ವಲ್ಪ ಹಾಕಿ ಹತ್ತು ನಿಮಿಷ ಬಿಡಿ. ಮೂಗನ್ನು ಲೋಟದೊಳಗೆ ತೂರಿಸಬೇಡಿ, ಬಾಯಿ ಸ್ವಲ್ಪ ತೆರೆದು ಮೂಸಿ. ಬೆಲ್ಲದ ಪಾಕ ಹದಕ್ಕೆ ಬರುವಾಗಿನ ಘಮ ಬರುತ್ತದೆ, ಜೊತೆಗೆ ವೆನಿಲಾ. ಎರಡೂ ಆ ಸುಟ್ಟ ಮರದಿಂದಲೇ ಬರುವುದು. ಮೊದಲ ಗುಟುಕು ನಾಲಿಗೆಗೆ ಅಭ್ಯಾಸ ಮಾಡಿಸಲು ಅಷ್ಟೆ, ತೀರ್ಪು ಎರಡನೆಯದಕ್ಕೆ. ಆಮೇಲೆ ಕೆಲವು ಹನಿ ನೀರು ಹಾಕಿ ಮತ್ತೆ ನೋಡಿ. ಇವಾನ್‌ನಲ್ಲಿ ನನಗೆ ಹುರಿದ ಕಡಲೆಕಾಯಿ ಸಿಗುತ್ತದೆ. ನುಂಗಿದ ಮೇಲೂ ರುಚಿ ಉಳಿದರೆ ದುಡ್ಡು ವಸೂಲಿ.

ಚಿಕಾಗೋದ ಸಾಗರದವಳು:
ನನ್ನ ಓಟು ವೈಲ್ಡ್ ಟರ್ಕಿಗೆ. 50.5% ಇದೆ, ದಾಲ್ಚಿನ್ನಿ, ಮೆಣಸಿನ ಖಾರ ಚೆನ್ನಾಗಿದೆ. ದೊಡ್ಡ ಐಸ್ ತುಂಡು ಹಾಕಿದರೂ ಸಪ್ಪೆ ಆಗುವುದಿಲ್ಲ. ಬಫಲೋ ಟ್ರೇಸ್ 45%, ಮೃದು. ಆದರೆ ಕೆಲವು ಕಡೆ ಅದಕ್ಕೆ ಸುಮ್ನೆ ಜಾಸ್ತಿ ಬೆಲೆ ಹಾಕುತ್ತಾರೆ.

ಕೊಲಂಬಸ್‌ನಿಂದ, ಒಹಾಯೊ:
ಇಬ್ಬರಿಗೂ ಥ್ಯಾಂಕ್ಸ್. ಭಾವನಿಗೆ ಅಭ್ಯಾಸ ಇರುವುದು ಅಮೃತ್ ಸಿಂಗಲ್ ಮಾಲ್ಟ್, ಅಂದರೆ ಬಾರ್ಲಿಯ ವಿಸ್ಕಿ. ಇದು ಹಿಡಿಸುತ್ತದಾ?

ಲೂಯಿವಿಲ್ ಗೌಡ:
ಅರ್ಧ ಪರಿಚಯ ಆಗಲೇ ಇದೆ. ಬರ್ಬನ್‌ಗೆ ಹೊಸ ಪೀಪಾಯಿಯೇ ಬೇಕಾದ್ದರಿಂದ ಬಳಸಿದವು ಬೇರೆ ದೇಶಗಳಿಗೆ ಹೋಗುತ್ತವೆ. ಅಮೃತ್ ಕೂಡ ಬೆಂಗಳೂರಿನಲ್ಲಿ ಅಂಥ ಪೀಪಾಯಿ ಬಳಸುತ್ತದೆ. ಇದು ಬಾರ್ಲಿಗಿಂತ ಸಿಹಿ ಅನ್ನಿಸಬಹುದು. ಮೊದಲು ನೀರಿಲ್ಲದೆ ಸ್ವಲ್ಪ ಕೊಡಿ, ನೀರಿನ ಜಗ್ ಪಕ್ಕದಲ್ಲಿಡಿ, ಎಷ್ಟು ಬೇಕೋ ಅವರೇ ಹಾಕಿಕೊಳ್ಳಲಿ. ನಿಮ್ಮ ರಾಜ್ಯದಲ್ಲಿ ಬೆಲೆ ಸರ್ಕಾರವೇ ನಿಗದಿ ಮಾಡುತ್ತದೆ, ಅಂಗಡಿ ಅಂಗಡಿ ಅಲೆಯಬೇಡಿ.