ಸೆಂಟ್ರಲ್ ಪಾರ್ಕಿನ ಫ್ರೀ ಲ್ಯಾಟಿನ್ ಡಿಜೆ ಶೋ: ಎಷ್ಟು ಹೊತ್ತಿಗೆ ಹೋಗಬೇಕು?

ಜರ್ಸಿವಾಸಿ:
ಶನಿವಾರ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬೇಸಿಗೆಗೆ ನಡೆಯುವ ಸಂಗೀತ ಕಾರ್ಯಕ್ರಮ ಸಮ್ಮರ್‌ಸ್ಟೇಜ್‌ಗೆ ಅಮ್ಮನನ್ನೂ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಊರಿಂದ ಬಂದು ಮೂರು ವಾರ ಆಯ್ತು, ಮನೆಯಲ್ಲೇ ಕೂತು ಬೇಜಾರಾಗಿದ್ದಾರೆ. ನಿಜವಾಗಿಯೂ ಫ್ರೀನಾ? ಅಲ್ಲಿ ಲ್ಯಾಟಿನ್ ಸಂಗೀತಕ್ಕೆ ಸಾಲ್ಸಾ ಕುಣಿತಾರಲ್ಲ, ನನಗಂತೂ ಅದರ ಒಂದು ಹೆಜ್ಜೆಯೂ ಬರಲ್ಲ.

ಮಂಡ್ಯದ ಬೆಲ್ಲ:
ಫ್ರೀನೇ, 1986ರಿಂದ ನಡೆಯುತ್ತಿದೆ. ಕೆಲವು ಶೋಗಳಿಗೆ ಮಾತ್ರ ಟಿಕೆಟ್ ಇರುತ್ತೆ, ಮೊದಲೇ ನೋಡಿಕೊಳ್ಳಿ. ಜಾಗ ತುಂಬಿದರೆ ಒಳಗೆ ಬಿಡಲ್ಲ, ಅದಕ್ಕೇ ಬೇಗ ಹೋಗಿ; ಹೋದ ವರ್ಷ ನಾವು ಆರಾಮಾಗಿ ಕಾಫಿ ಕುಡಿದು ಹೊರಟು, ಕೊನೆಗೆ ಬೇಲಿಯ ಆಚೆ ಹುಲ್ಲಿನ ಮೇಲೆ ಪುಳಿಯೋಗರೆ ಡಬ್ಬಿ ಬಿಚ್ಚಿಕೊಂಡು ಕೂತೇ ಕೇಳಿದ್ದು. 6ನೇ ನಂಬರ್ ರೈಲಿನಲ್ಲಿ 68ನೇ ಬೀದಿಗೆ ಇಳಿದು ಫಿಫ್ತ್ ಅವೆನ್ಯೂ ಕಡೆ ನಡೆಯಿರಿ. ಮೈದಾನದ ಹೆಸರು ರಮ್ಸಿ ಪ್ಲೇಫೀಲ್ಡ್.

ತಾಳತಪ್ಪಿದವಳು:
ಹೆಜ್ಜೆಗೆ ಹೆದರಬೇಡಿ. ಸಾಲ್ಸಾ ಎಂಟರ ಎಣಿಕೆ, 4ಕ್ಕೂ 8ಕ್ಕೂ ಸುಮ್ನೆ ನಿಲ್ಲೋದು, ಆದಿತಾಳ ಹಾಕಿದವರಿಗೆ ಕಷ್ಟವೇ ಅಲ್ಲ. ನ್ಯೂಯಾರ್ಕಿಗೆ ಬಂದ ಪೋರ್ಟೊರಿಕೊ, ಕ್ಯೂಬಾದವರು ಬೆಳೆಸಿದ ಸಂಗೀತ ಅಲ್ವಾ, ಅಜ್ಜಿಯರೂ ಕುಣಿಯುತ್ತಾರೆ. ಒಬ್ಬರು ನನ್ನ ಕೈ ಹಿಡಿದು ಎಳೆದೇಬಿಟ್ಟರು!

ಜರ್ಸಿವಾಸಿ:
ಅಮ್ಮನಿಗೆ ಓದಿ ಹೇಳಿದೆ. "ಪುಳಿಯೋಗರೆ ಗೊಜ್ಜು ಇದೆಯಲ್ಲ" ಅಂದರು, ಅಷ್ಟೇ.