ಸಹಾಯ ಬೇಕು: ರೀಆರ್ಡರ್ ವರದಿ ಎಂಐಎಸ್ಸಾ, ಡಿಎಸ್ಸೆಸ್ಸಾ?
ಎಲ್ಲರಿಗೂ ನಮಸ್ಕಾರ. ಬಿ.ಕಾಂ.ನಲ್ಲಿ ಮಾಹಿತಿ ವ್ಯವಸ್ಥೆಗಳ ಪಾಠ ಓದುತ್ತಿದ್ದೇನೆ. ಪುಸ್ತಕದ್ದು ಬರೀ ವ್ಯಾಖ್ಯಾನ, ತಲೆಗೆ ಹತ್ತಲಿಲ್ಲ. ಅದಕ್ಕೆ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಮುಂದೆ ಕೂತು ನೋಡಿದೆ. ಪಿವಿಸಿ ಎಲ್ಬೋ ಬಿಲ್ ಮಾಡಿದ ಕೂಡಲೇ ಸ್ಟಾಕ್ ಇಳಿಯಿತು, ಜಿಎಸ್‌ಟಿ ಲೆಕ್ಕಕ್ಕೂ ಸೇರಿತು. ಇದು ಟಿಪಿಎಸ್ (ದಿನನಿತ್ಯದ ವ್ಯವಹಾರ ದಾಖಲಿಸುವ ವ್ಯವಸ್ಥೆ). ತಿಂಗಳ ಮಾರಾಟದ ವರದಿ ಎಂಐಎಸ್ (ನಿರ್ವಹಣೆಗೆ ಬೇಕಾದ ವರದಿ ಕೊಡುವ ವ್ಯವಸ್ಥೆ). ಇಲ್ಲಿವರೆಗೂ ಸರಿ.

ಆದರೆ ಸ್ಟಾಕ್ ರೀಆರ್ಡರ್ ಲೆವೆಲ್‌ಗಿಂತ (ಮತ್ತೆ ತರಿಸಬೇಕಾದ ಮಟ್ಟಕ್ಕಿಂತ) ಇಳಿದಾಗ ಇಷ್ಟು ತರಿಸಬೇಕು ಅಂತ ಟ್ಯಾಲಿಯೇ ರೀಆರ್ಡರ್ ವರದಿಯಲ್ಲಿ ತೋರಿಸುತ್ತದೆ ಅಲ್ವಾ? ತೀರ್ಮಾನಕ್ಕೆ ನೆರವಾದರೆ ಡಿಎಸ್ಎಸ್ (ಡಿಸಿಷನ್ ಸಪೋರ್ಟ್ ಸಿಸ್ಟಮ್) ಅಂತ ಸೀನಿಯರ್ ನೋಟ್ಸ್ ಹೇಳುತ್ತದೆ. ಬೆಲೆ ಏರಿದರೆ, ಬೇಡಿಕೆ ಬಿದ್ದರೆ ಏನಾಗುತ್ತದೆ ಅಂತ ಅಂಕಿ ಬದಲಿಸಿ ನೋಡಲು ಆದರೆ ಮಾತ್ರ ಡಿಎಸ್ಎಸ್ ಅಂತ ಯೂಟ್ಯೂಬ್ ಪಾಠ. (ಮಾವನನ್ನು ಕೇಳಿದರೆ, ಮಳೆಗಾಲ ನೋಡಿಕೊಂಡು ಆರ್ಡರ್ ಹಾಕ್ತೀನಿ ಅಂದರು!)

ಹಾಗಾದರೆ ಈ ರೀಆರ್ಡರ್ ವರದಿಯನ್ನು ಪರೀಕ್ಷೆಯಲ್ಲಿ ಯಾವುದರ ಕೆಳಗೆ ಬರೆಯಲಿ, ಯಾಕೆ?