ಅಪ್‌ಡೇಟ್: ಕಾಜಾದ ಚಳಿಗೆ ನಮ್ಮ ವಾಟರ್ ಹೀಟರ್ ಒಡೀಲಿಲ್ಲ

ಹುಬ್ಬಳ್ಳಿಯಿಂದ ಮೋಟರ್‌ಹೋಮ್ (ಒಳಗ ಉಣ್ಣಾಕ, ಮಲಗಾಕ ವ್ಯವಸ್ಥೆ ಇರೋ ಗಾಡಿ) ತಗೊಂಡು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕಾಜಾಕ್ಕ ಹೊಂಟೀವಿ, ರಾತ್ರಿ ಸೊನ್ನೆ ಡಿಗ್ರಿ ಕೆಳಗ ಇಳದ್ರ ಹೀಟರ್ ಉಳಿಸೋದು ಹ್ಯಾಂಗ ಅಂತ ಕೇಳಿದ್ದೆ. ಕೆಲವರು ಕಂಬಳಿ ಸುತ್ತರಿ ಅಂದ್ರು, ಕೆಲವರು ನೀರು ಪೂರಾ ಖಾಲಿ ಮಾಡ್ರಿ ಅಂದ್ರು. ಖಾಲಿ ಮಾಡೋದ ಖರೇ ಉಪಾಯ. ಕಂಬಳಿ ಶಾಖ ಹುಟ್ಟಸೂದಿಲ್ಲ, ತಣ್ಣಗಾಗೋದನ್ನ ತಡ ಮಾಡತೈತಿ ಅಷ್ಟ. ನೀರು ಹೆಪ್ಪುಗಟ್ಟಿದ್ರ ಸುಮಾರು 9% ಹಿಗ್ಗತೈತಿ. ತುಂಬಿದ ಟ್ಯಾಂಕಿನ್ಯಾಗ ಅದಕ್ಕ ಜಾಗ ಎಲ್ಲೈತಿ?

ನಾವು ಮಾಡಿದ್ದು ಇಷ್ಟು. ಹೀಟರ್, ಪಂಪ್ ಎರಡೂ ಬಂದ್ ಮಾಡಿ ನೀರು ಆರಾಕ ಬಿಟ್ಟಿವಿ. ಇದನ್ನ ಅವಸರ ಮಾಡಬ್ಯಾಡ್ರಿ, ಬಿಸಿನೀರು ಒತ್ತಡದಾಗ ಚಿಮ್ಮಿದ್ರ ಮೈ ಸುಡತೈತಿ. ಆಮೇಲೆ ಬಿಸಿ, ತಣ್ಣೀರಿನ ಎಲ್ಲಾ ನಳ ಬಿಚ್ಚಿ, ಪ್ರೆಷರ್ ರಿಲೀಫ್ ವಾಲ್ವ್ (ಟ್ಯಾಂಕಿನ ಒತ್ತಡ ಹೊರಗ ಬಿಡೂ ವಾಲ್ವ್) ಎತ್ತಿ, ಕೆಳಗಿನ ಡ್ರೇನ್ ಪ್ಲಗ್ ತಗದಿವಿ. ಮ್ಯಾಲಿಂದ ಗಾಳಿ ಒಳಗ ಹೋಗದಿದ್ರ ನೀರು ಪೂರಾ ಇಳಿಯೂದಿಲ್ಲ. ಶವರ್ ಪೈಪು, ಪಂಪಿನ ಫಿಲ್ಟರಿನ್ಯಾಗೂ ನೀರು ನಿಂತಿರತೈತಿ, ಮರೀಬ್ಯಾಡ್ರಿ.

ಹೊರಡೂ ಮುಂಚೆ ಗೋಕುಲ ರೋಡಿನ ವರ್ಕ್‌ಶಾಪಿನ್ಯಾಗ ಬೈಪಾಸ್ ವಾಲ್ವ್ ಹಾಕಿಸಿದ್ದು ಭಾಳ ಚಲೋ ಆತು. ಪೈಪಿನ್ಯಾಗ ಹೆಪ್ಪುಗಟ್ಟದಂಗ ಹಾಕೋ ದ್ರವ, ಅಂದ್ರ ಆಂಟಿಫ್ರೀಜ್, ಇದರಿಂದ ಹೀಟರ್ ಟ್ಯಾಂಕಿಗೆ ತುಂಬದ ಸೀದಾ ಪೈಪಿಗೆ ಹೋಗತೈತಿ. ಆದ್ರ ಕುಡಿಯೂ ನೀರಿನ ಪೈಪಿಗೆ ಅಂತನ ಮಾಡಿದ ಪ್ರೊಪಿಲೀನ್ ಗ್ಲೈಕಾಲ್ ಇರೋದನ್ನ ತಗೋರಿ. ಕಾರಿನ ಕೂಲಂಟಿನ್ಯಾಗ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರತೈತಿ, ಅದು ವಿಷ. ಮಕ್ಕಳು ಇದ್ದ ಗಾಡಿಯೊಳಗ ಅದನ್ನ ಹಾಕಲೇಬ್ಯಾಡ್ರಿ.

ವಾಪಸ್ ನೀರು ತುಂಬುವಾಗ ಬಿಸಿ ನಳದಿಂದ ಧಾರೆ ಸರಿಯಾಗಿ ಬಂದ ಮ್ಯಾಲೆನ ಸ್ವಿಚ್ ಹಾಕ್ರಿ. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ರ ನೀರು ಕಾಯಿಸೋ ಎಲಿಮೆಂಟ್ ಸುಟ್ಟು ಹೋಗತೈತಿ.